ಆಪ್ತಸಲಹೆ ಪ್ರಕರಣ: ಮುದಿ ಗಿನಿಪಿಗ್‌ನ ಆಪರೇಷನ್ ಬಗ್ಗೆ ತೀರ್ಮಾನ ಯಾರದು?

ಗುರುತು ಸಿಗಬಾರದೆಂದು ಈ ಪ್ರಕರಣದಲ್ಲಿ ಹೆಸರು, ಊರು, ಉದ್ಯೋಗಗಳನ್ನು ಬದಲಿಸಿದ್ದೇನೆ. ಪ್ರಾಣಿಯ ಹೆಸರನ್ನೂ ಬದಲಿಸಬೇಕಾಯಿತು. ನಿಜವಾದ ಹೆಸರನ್ನು ಓದಿದರೆ ಅವರ ಕೇರಿಯವರಿಗೆಲ್ಲ ಮನೆ ಯಾವುದೆಂದು ಗೊತ್ತಾಗಿಬಿಡುತ್ತದೆ. ಕುಟುಂಬದ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ಸಮಯ ಕೇಳಲು ಫೋನ್ ಮಾಡಿದ ರಾಯರು, “ಮನೆಯಲ್ಲಿ ಒಬ್ಬರ ಆಪರೇಷನ್ ವಿಚಾರ, ಗಂಡ ಹೆಂಡತಿಗೆ ಒಮ್ಮತವಿಲ್ಲ” ಎಂದಷ್ಟೇ ಹೇಳಿದ್ದರು. ಉಡುಪಿಯ ನನ್ನ ಕೋಣೆಗೆ ಇಂಥ ವಿಚಾರಗಳು ಬರುವುದು ಹೊಸದಲ್ಲ. ಮಂಡಿ ಬದಲಿಸಬೇಕೇ, ಎಂಬತ್ತು ದಾಟಿದ ತಾಯಿಗೆ ಹೃದಯದ ಆಪರೇಷನ್ ಮಾಡಿಸಬೇಕೇ ಎಂಬ ಜಗಳಗಳನ್ನು ಕೇಳಿದ್ದೇನೆ. ಅವರು ಎದುರು ಕುಳಿತ ಮೇಲೆ ರೋಗಿ ಗಿನಿಪಿಗ್ ಎಂದು ತಿಳಿಯಿತು. ಸುಮತಿಯವರು ನಾಚಿಕೆಯಿಂದ ಸೆರಗು ಸರಿಮಾಡಿಕೊಳ್ಳುತ್ತಾ, “ನಗಬೇಡಿ ಮೇಡಂ” ಎಂದರು. ಪಕ್ಕದ ಮನೆಯವರಿಗೆ ಕಣ್ಣಿನ ಪರೀಕ್ಷೆಗೆ ಹೋಗುತ್ತಿದ್ದೇವೆ ಎಂದು ಹೇಳಿ ಬಂದಿದ್ದರಂತೆ. “ಇಲಿಗೆ ಆಪರೇಷನ್ನೇ?” ಎಂದು ಅವರು ಮೊದಲೇ ಒಮ್ಮೆ ನಕ್ಕಿದ್ದರು.

ರಾಯರಿಗೆ ಎಪ್ಪತ್ತೊಂದು, ಸುಮತಿಯವರಿಗೆ ಅರವತ್ತೇಳು. ರಾಯರು ಬ್ಯಾಂಕಿನಿಂದ ನಿವೃತ್ತರು. ಬ್ರಹ್ಮಾವರದ ಆಚೆ ತೋಟ, ಹಳೆಯ ಹೆಂಚಿನ ಮನೆ. ಮಗ ಸೊಸೆ ಬೆಂಗಳೂರಿನಲ್ಲಿದ್ದಾಗ, 2020ರ ಲಾಕ್‌ಡೌನಿನಲ್ಲಿ ಫ್ಲ್ಯಾಟಿನೊಳಗೆ ಒಂಟಿಯಾಗಿ ಸೊರಗುತ್ತಿದ್ದ ಮಗಳಿಗಾಗಿ ಎರಡು ಹೆಣ್ಣು ಗಿನಿಪಿಗ್‌ಗಳನ್ನು ತಂದಿದ್ದರು. 2022ರಲ್ಲಿ ಮಗನಿಗೆ ಕತಾರಿನ ದೋಹಾದಲ್ಲಿ ಕೆಲಸ ಸಿಕ್ಕಿತು. “ಎರಡು ತಿಂಗಳ ಮಟ್ಟಿಗೆ ಇಟ್ಟುಕೊಳ್ಳಿ ಅಮ್ಮ, ವ್ಯವಸ್ಥೆ ಮಾಡಿ ಕರೆಸಿಕೊಳ್ಳುತ್ತೇವೆ” ಎಂದು ಬಿಟ್ಟುಹೋದವುಗಳು ಅಲ್ಲೇ ಉಳಿದವು. ಒಂದು ಹಿಂದಿನ ಮಳೆಗಾಲದಲ್ಲಿ ಸತ್ತಿತು. ಉಳಿದದ್ದು ಚಿನ್ನಿ. ಐದು ತುಂಬಿತ್ತು. ಗಿನಿಪಿಗ್‌ಗಳ ಆಯಸ್ಸು ಸಾಮಾನ್ಯವಾಗಿ ಐದರಿಂದ ಎಂಟು ವರ್ಷ. ಆ ಲೆಕ್ಕದಲ್ಲಿ ಚಿನ್ನಿಯೂ ನಿವೃತ್ತಿಯ ವಯಸ್ಸು ದಾಟಿದವಳೇ.

ಕೆಲವು ವಾರಗಳಿಂದ ಅದರ ಎರಡೂ ಪಕ್ಕೆಗಳ ರೋಮ ಒಂದೇ ತೆರನಾಗಿ ಉದುರುತ್ತಿತ್ತು. ಗಂಡೇ ಇಲ್ಲದ ಮನೆಯಲ್ಲಿ ಹೊಟ್ಟೆ ಬಸುರಿಯಂತೆ ಊದಿಕೊಂಡಿತ್ತು. ಮಂಗಳೂರಿನಲ್ಲಿ ಮೊಲ, ಗಿನಿಪಿಗ್‌ಗಳನ್ನು ನೋಡುವ ಪಶುವೈದ್ಯರೊಬ್ಬರು ಸ್ಕ್ಯಾನ್ ಮಾಡಿ, ಎರಡೂ ಅಂಡಾಶಯಗಳಲ್ಲಿ ನೀರು ತುಂಬಿದ ದೊಡ್ಡ ಗಂಟುಗಳಿವೆ ಎಂದಿದ್ದರು. ವಯಸ್ಸಾದ ಹೆಣ್ಣು ಗಿನಿಪಿಗ್‌ಗಳಲ್ಲಿ ಇದು ಬಹಳ ಸಾಮಾನ್ಯ. ಅಂಡಾಶಯ, ಗರ್ಭಕೋಶಗಳನ್ನು ತೆಗೆದರೆ ರೋಗದ ಮೂಲವೇ ಹೋಗುತ್ತದೆ, ಆದರೆ ಈ ವಯಸ್ಸಿನಲ್ಲಿ ಅಪಾಯವಿದೆ, ಯೋಚಿಸಿ ಹೇಳಿ ಎಂದು ಕಳುಹಿಸಿದ್ದರು.

ಯೋಚಿಸುವ ಕೆಲಸ ದೋಹಾದಲ್ಲಿ ನಡೆಯಿತು. ಹದಿಮೂರರ ಮೊಮ್ಮಗಳು ಅನಘಾ ಅತ್ತು ಕರೆದು ಊಟ ಬಿಟ್ಟಳು. ಮಗ ವಿಡಿಯೊ ಕರೆಯಲ್ಲಿ, “ಅಪ್ಪ, ಹಣದ ಚಿಂತೆ ಬೇಡ, ಏನೇನು ಸಾಧ್ಯವೋ ಎಲ್ಲವನ್ನೂ ಮಾಡಿಸಿ” ಎಂದ. ರಾಯರು ಒಪ್ಪಿದರು. ಸುಮತಿಯವರು ಬೇಡ ಎಂದರು. ಕಾರಣ ಕೇಳಿದರೆ ಹೇಳಲಿಲ್ಲ. ಮನೆಯಲ್ಲಿ ಅವರಿಗೆ ‘ಕಲ್ಲು ಮನಸ್ಸಿನವಳು’ ಎಂಬ ಬಿರುದು ಬಂತು. ಪ್ರತಿದಿನ ಬೆಳಿಗ್ಗೆ ಅದರ ಗೂಡು ಗುಡಿಸಿ, ತೋಟದಿಂದ ಗರಿಕೆ ತಂದು ಹಾಕುವವರು ಅವರೊಬ್ಬರೇ ಎಂಬುದನ್ನು ಇಲ್ಲಿ ಸೇರಿಸಬೇಕು.

ರಾಯರು ಒಂದು ಹಾಳೆ ತಂದಿದ್ದರು. ಎಡಕ್ಕೆ ಜಮೆ, ಬಲಕ್ಕೆ ಖರ್ಚು. ಆಪರೇಷನ್ನಿನ ವೆಚ್ಚ, ಕಾರಿನ ಪೆಟ್ರೋಲು, ಉಳಿಯಬಹುದಾದ ಆಯಸ್ಸು, ಮೊಮ್ಮಗಳ ಸಂತೋಷ, ಎಲ್ಲಕ್ಕೂ ಅಂಕಿ ಕೊಟ್ಟಿದ್ದರು. ಅಂತರ್ಜಾಲದಲ್ಲಿ ಹುಡುಕಿ ಒಂದು ಒಳ್ಳೆಯ ಅಂಕಿಯನ್ನೂ ತಂದಿದ್ದರು. ಬ್ರಿಟನ್ನಿನಲ್ಲಿ ನಡೆದು 2008ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರ ಪ್ರಕಾರ, ಅರಿವಳಿಕೆ ಅಥವಾ ಮಂಪರಿನ ಮದ್ದು ಕೊಟ್ಟ 48 ಗಂಟೆಗಳೊಳಗೆ ಅದರಿಂದಾಗಿ ಸತ್ತವುಗಳ ಪ್ರಮಾಣ ನಾಯಿಗಳಲ್ಲಿ ಶೇ 0.17, ಬೆಕ್ಕುಗಳಲ್ಲಿ ಶೇ 0.24, ಮೊಲಗಳಲ್ಲಿ ಶೇ 1.39, ಗಿನಿಪಿಗ್‌ಗಳಲ್ಲಿ ಶೇ 3.80. “ನೂರರಲ್ಲಿ ತೊಂಬತ್ತಾರು ಬದುಕುತ್ತವೆ ಮೇಡಂ. ಇಷ್ಟು ಭದ್ರತೆ ಇರುವ ಸಾಲವನ್ನು ನಾನು ಕಣ್ಣುಮುಚ್ಚಿ ಮಂಜೂರು ಮಾಡುತ್ತಿದ್ದೆ” ಎಂದರು.

ಅಂಕಿ ಸರಿಯೇ. ಅದನ್ನು ಓದುವ ರೀತಿಯಲ್ಲಿ ಎರಡು ತೊಡಕುಗಳಿದ್ದವು. ಅದು ಎಲ್ಲ ವಯಸ್ಸಿನ, ಎಲ್ಲ ಬಗೆಯ ಚಿಕಿತ್ಸೆಗೆ ಬಂದ ಗಿನಿಪಿಗ್‌ಗಳ ಒಟ್ಟು ಲೆಕ್ಕ. ಹೊಟ್ಟೆ ಕೊಯ್ಯಬೇಕಾದ ಮುದಿ ಪ್ರಾಣಿಯದ್ದಲ್ಲ. ಇನ್ನೊಂದು, ಲೆಕ್ಕ 48 ಗಂಟೆಗೆ ನಿಲ್ಲುತ್ತದೆ. ಗಿನಿಪಿಗ್‌ನ ಕಷ್ಟ ಅಲ್ಲಿಗೆ ಮುಗಿಯುವುದಿಲ್ಲ. ಅದರ ಕರುಳು ಸದಾ ಚಲಿಸುತ್ತಿರಬೇಕು, ಅದಕ್ಕಾಗಿ ಹಗಲು ರಾತ್ರಿ ಹುಲ್ಲು ಮೇಯುತ್ತಲೇ ಇರಬೇಕು. ನೋವಿಗೋ ಭಯಕ್ಕೋ ತಿನ್ನುವುದನ್ನು ನಿಲ್ಲಿಸಿದರೆ ಕರುಳು ಸ್ತಬ್ಧವಾಗಿ, ಆಪರೇಷನ್ ಸಲೀಸಾಗಿ ನಡೆದಿದ್ದರೂ ಪ್ರಾಣಿ ಸಾಯಬಹುದು. ಹಾಗಾಗದಂತೆ ಹುಲ್ಲಿನ ಪುಡಿಯನ್ನು ನೀರಿನಲ್ಲಿ ಕಲಸಿ ಸಿರಿಂಜಿನಿಂದ ಬಾಯಿಗೆ ಹಾಕಬೇಕು, ಮೂರು ನಾಲ್ಕು ಗಂಟೆಗೊಮ್ಮೆ, ರಾತ್ರಿಯೂ ಎದ್ದು, ಅದಾಗಿ ತಿನ್ನುವವರೆಗೆ. ಜೊತೆಗೆ ನೋವಿನ ಔಷಧ, ಹೊಲಿಗೆಯ ನಿಗಾ.

ಇದಾವುದೂ ರಾಯರಿಗೆ ಗೊತ್ತಿಲ್ಲದ್ದಲ್ಲ. ವೈದ್ಯರು ಹೇಳಿದ್ದರು. ಆದರೂ ಅವರ ಹಾಳೆಯಲ್ಲಿ ‘ಶುಶ್ರೂಷೆ’ ಎಂಬ ಬಾಬತ್ತೇ ಇರಲಿಲ್ಲ. “ರಾತ್ರಿ ಎರಡು ಗಂಟೆಗೆ ಸಿರಿಂಜು ಹಿಡಿಯುವವರು ಯಾರು?” ಎಂದು ಕೇಳಿದೆ. ರಾಯರು ತಕ್ಷಣ, “ಸುಮತಿ ಇದ್ದಾಳಲ್ಲ” ಎಂದರು. ಎರಡನೆಯ ಭೇಟಿಗೆ ಸುಮತಿಯವರು ಒಬ್ಬರೇ ಬರಲಿ ಎಂದೆ.

ಒಬ್ಬರೇ ಬಂದಾಗ ಅವರು ಹೆಚ್ಚು ಹೊತ್ತು ಚಿನ್ನಿಯ ಬಗ್ಗೆ ಮಾತಾಡಲಿಲ್ಲ. ಅತ್ತೆಯ ಬಗ್ಗೆ ಮಾತಾಡಿದರು. ಪಾರ್ಶ್ವವಾಯು ಹೊಡೆದು ಮಲಗಿದ ಅತ್ತೆಗೆ ಕೊನೆಯ ಎರಡು ವರ್ಷ ಮೂಗಿನ ಟ್ಯೂಬಿನಲ್ಲೇ ಗಂಜಿ. ಮಗ್ಗುಲು ಹೊರಳಿಸಿದ್ದು, ಬಟ್ಟೆ ಬದಲಿಸಿದ್ದು, ಬೆನ್ನ ಹುಣ್ಣು ತೊಳೆದದ್ದು ಎಲ್ಲ ಇವರೇ. ಅಮೆರಿಕದಲ್ಲಿದ್ದ ಮೈದುನ ಪ್ರತಿ ಭಾನುವಾರ ಫೋನ್ ಮಾಡಿ, “ಅತ್ತಿಗೆ, ಅಮ್ಮನಿಗೆ ಯಾವುದಕ್ಕೂ ಕಡಿಮೆ ಮಾಡಬೇಡಿ, ಎಲ್ಲವನ್ನೂ ಮಾಡಿಸಿ” ಎನ್ನುತ್ತಿದ್ದನಂತೆ. ಅತ್ತೆ ಒಂದೆರಡು ಸಲ ಟ್ಯೂಬನ್ನು ಕಿತ್ತು ಹಾಕಿದಾಗ ಮತ್ತೆ ಹಾಕಿಸಿದ್ದೂ ಇವರೇ. “ಈಗ ಮಗನ ಬಾಯಲ್ಲಿ ಅದೇ ಮಾತು ಬಂತು ಮೇಡಂ. ಕೇಳುತ್ತಿದ್ದಂತೆ ನನಗೆ ಕೈ ನಡುಗಿತು. ಅವಳು ಬಾಯಿ ಬಿಗಿಹಿಡಿದರೆ ನಾನು ಹೇಗೆ ತುರುಕಲಿ? ಇನ್ನೊಂದು ಸಲ ನನ್ನಿಂದಾಗದು.”

ಅವರ ಬೆರಳ ಗಂಟುಗಳು ಸಂಧಿವಾತದಿಂದ ಊದಿದ್ದವು. ಒದ್ದಾಡುವ ಮುಕ್ಕಾಲು ಕಿಲೋ ಪ್ರಾಣಿಯನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದರಲ್ಲಿ ಸಿರಿಂಜು ಒತ್ತುವುದು ಸುಲಭವಲ್ಲ. ಇದನ್ನು ಗಂಡನಿಗೆ ಹೇಳಿದ್ದೀರಾ ಎಂದರೆ, “ಅವರಿಗೆ ಕಾಣುವುದಿಲ್ಲವೇ?” ಎಂದರು.

ಕರಾವಳಿಯಲ್ಲಿ ಕೆಲಸ ಮಾಡುವ ನನ್ನಂಥವರಿಗೆ ಈ ‘ಎಲ್ಲವನ್ನೂ ಮಾಡಿಸಿ’ ಎಂಬ ಮಾತು ಚೆನ್ನಾಗಿ ಪರಿಚಿತ. ಅದು ಮುಂಬಯಿಯಿಂದ, ಕೊಲ್ಲಿಯಿಂದ, ಅಮೆರಿಕದಿಂದ ಬರುತ್ತದೆ. ಹೇಳುವವರ ಪ್ರೀತಿ ಸುಳ್ಳಲ್ಲ. ಬಳಿಯಲ್ಲಿಲ್ಲವೆಂಬ ನೋವನ್ನು ಕಳೆದುಕೊಳ್ಳಲು ಅವರ ಕೈಯಲ್ಲಿರುವುದು ಹಣ ಮತ್ತು ಫೋನು ಎರಡೇ. ಆದರೆ ದೂರ ಹೆಚ್ಚಿದಷ್ಟೂ ಚಿಕಿತ್ಸೆಯ ಪಟ್ಟಿ ಉದ್ದವಾಗುತ್ತದೆ, ಆ ಪಟ್ಟಿಯನ್ನು ನಡೆಸಿಕೊಡುವ ಕೈಗಳು ಮಾತ್ರ ಇಲ್ಲಿರುವ ಯಾವುದೋ ಸೊಸೆಯವು, ಮಗಳವು, ಕೆಲಸದಾಕೆಯವು. ನನ್ನ ನಿಲುವನ್ನು ಮರೆಮಾಚುವುದಿಲ್ಲ: ಎರಡು ದಾರಿಗಳೂ ಸಮರ್ಥನೀಯವಾಗಿರುವಾಗ ಶುಶ್ರೂಷೆ ಮಾಡುವವರ ಮಾತಿಗೆ ಹೆಚ್ಚು ತೂಕ ಸಿಗಬೇಕು.

ಎರಡೂ ದಾರಿಗಳು ಸಮರ್ಥನೀಯವೇ ಎಂದು ಹೇಳುವ ಅಧಿಕಾರ ನನ್ನದಲ್ಲ, ಪಶುವೈದ್ಯರದು. ಆದ್ದರಿಂದ ನಾನು ಕೊಟ್ಟ ಮೊದಲ ಸಲಹೆ, ಮತ್ತೊಮ್ಮೆ ಮಂಗಳೂರಿಗೆ ಹೋಗಿ, ಈ ಸಲ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ ಎಂಬುದು. ಇಂಥ ಆಪರೇಷನ್ನನ್ನು ಗಿನಿಪಿಗ್‌ಗಳಿಗೆ ಅವರು ಸ್ವತಃ ಮಾಡಿದ್ದಾರೆಯೇ? ಚಿನ್ನಿಯ ಹೃದಯ, ಶ್ವಾಸಕೋಶ, ಹಲ್ಲು ಹೇಗಿವೆ? ಗಂಟಿನ ನೀರನ್ನು ಸೂಜಿಯಿಂದ ತೆಗೆದರೆ ಎಷ್ಟು ದಿನ ನೆಮ್ಮದಿ? ಹಾರ್ಮೋನ್ ಚುಚ್ಚುಮದ್ದು ಈ ಬಗೆಯ ಗಂಟಿಗೆ ಕೆಲಸ ಮಾಡುತ್ತದೆಯೇ? ಏನೂ ಮಾಡದೆ ನೋವಿನ ಔಷಧ ಮಾತ್ರ ಕೊಟ್ಟರೆ? ಆಪರೇಷನ್ನಿನ ನಂತರ ಮೂರು ನಾಲ್ಕು ದಿನ ಅವರಲ್ಲೇ ಇಟ್ಟುಕೊಂಡು ರಾತ್ರಿ ತಿನ್ನಿಸುವ ವ್ಯವಸ್ಥೆ ಇದೆಯೇ? ಕೊನೆಯದಾಗಿ, ‘ಇದು ನಿಮ್ಮ ಪ್ರಾಣಿಯಾಗಿದ್ದರೆ ಏನು ಮಾಡುತ್ತಿದ್ದಿರಿ’ ಎಂದು ಕೇಳಲು ಹೇಳಿದೆ. ಈ ಪ್ರಶ್ನೆಗೆ ಉತ್ತರ ಕೊಡಲು ಕೆಲವು ವೈದ್ಯರು ಇಷ್ಟಪಡುವುದಿಲ್ಲ. ಕೊಡುವವರಿಂದ ಬಹಳ ತಿಳಿಯುತ್ತದೆ.

ಹೋಗುವುದಿದ್ದರೆ ಬೆಳಗಿನ ತಂಪಿನಲ್ಲೇ ಹೊರಡಿ ಎಂದೂ ಹೇಳಿದೆ. ಗಿನಿಪಿಗ್‌ಗಳ ಮೂಲ ದಕ್ಷಿಣ ಅಮೆರಿಕದ ಆಂಡಿಸ್ ಪರ್ವತದ ತಂಪು ಸೀಮೆ. ಮೇ ತಿಂಗಳಲ್ಲಿ ಹೆದ್ದಾರಿ 66ರ ಮೇಲೆ ಸುಮಾರು ಎಪ್ಪತ್ತು ಕಿಲೋಮೀಟರ್ ಪ್ರಯಾಣ, ಮುಚ್ಚಿದ ಬುಟ್ಟಿ, ನಮ್ಮ ಕರಾವಳಿಯ ಬೆವರಿಳಿಸುವ ಸೆಕೆ: ರೋಗಕ್ಕಿಂತ ಮೊದಲು ಬಿಸಿಲೇ ಕೊಲ್ಲಬಹುದು.

ಅವರು ತಂದ ಉತ್ತರಗಳು ಹೀಗಿದ್ದವು. ವೈದ್ಯರು ಇಂಥ ಆಪರೇಷನ್ ಮಾಡಿದ್ದಾರೆ, ಹೆಚ್ಚಾಗಿ ಎರಡು ಮೂರು ವರ್ಷದವುಗಳಿಗೆ. ಚಿನ್ನಿಯ ತೂಕ ಇಳಿಯುತ್ತಿದೆ, ಅದು ಒಳ್ಳೆಯ ಸೂಚನೆಯಲ್ಲ. ರಾತ್ರಿ ಇರಿಸಿಕೊಳ್ಳುವ ವ್ಯವಸ್ಥೆ ಇಲ್ಲ. ಇವು ಹಾರ್ಮೋನಿಗೆ ಬಗ್ಗುವ ಬಗೆಯ ಗಂಟುಗಳಂತೆ ಕಾಣುವುದಿಲ್ಲ. ನೀರು ತೆಗೆಯಬಹುದು, ಮತ್ತೆ ತುಂಬುತ್ತದೆ. ಕೊನೆಯ ಪ್ರಶ್ನೆಗೆ ಅವರು, “ಮೂರು ವರ್ಷದ್ದಾಗಿದ್ದರೆ ಇವತ್ತೇ ಮೇಜಿನ ಮೇಲೆ ಮಲಗಿಸುತ್ತಿದ್ದೆ. ಇದಕ್ಕೆ ನೀರು ತೆಗೆದು, ನೋವು ಕಡಿಮೆ ಮಾಡಿ ನೋಡುತ್ತಿದ್ದೆ” ಎಂದರಂತೆ. ಜೊತೆಗೆ ರಾಯರಿಗೆ ಒಂದು ಬೈಗುಳವೂ ಸಿಕ್ಕಿತ್ತು. ಹಲ್ಲು ಕೀಳಿಸಿಕೊಂಡಾಗ ಉಳಿದಿದ್ದ ಅಮಾಕ್ಸಿಸಿಲಿನ್ ಮಾತ್ರೆಯ ಚೂರನ್ನು ಕೊಡಬಹುದೇ ಎಂದು ಅವರು ಕೇಳಿದ್ದರು. ಪೆನಿಸಿಲಿನ್ ಜಾತಿಯ ಈ ಔಷಧ ಗಿನಿಪಿಗ್‌ನ ಕರುಳಿನಲ್ಲಿರುವ ಉಪಕಾರಿ ಸೂಕ್ಷ್ಮಜೀವಿಗಳನ್ನು ಕೊಂದು, ವಿಷಕಾರಿ ಜೀವಿಗಳು ಬೆಳೆಯುವಂತೆ ಮಾಡಿ, ಪ್ರಾಣವನ್ನೇ ತೆಗೆಯಬಲ್ಲದು. ಮನೆಯ ಔಷಧದ ಡಬ್ಬಿಯನ್ನು ಸಾಕುಪ್ರಾಣಿಗಳಿಂದ ದೂರವಿಡಿ ಎಂದು ಇಲ್ಲಿ ಓದುವವರಿಗೂ ಹೇಳುತ್ತೇನೆ.

ಇಷ್ಟಾದ ಮೇಲೆ ಗಂಡ ಹೆಂಡತಿಯನ್ನು ಒಟ್ಟಿಗೆ ಕೂರಿಸಿಕೊಂಡೆ. ಸುಮತಿಯವರು ಅತ್ತೆಯ ಟ್ಯೂಬಿನ ಮಾತನ್ನು ಗಂಡನೆದುರು ಮೊದಲ ಸಲ ಆಡಿದರು. ರಾಯರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತಮ್ಮ ಹಾಳೆಯನ್ನು ತೆಗೆದು, ಖರ್ಚಿನ ಕಡೆ ಒಂದು ಸಾಲು ಸೇರಿಸಿದರು. ಅಂಕಿಯ ಜಾಗ ಖಾಲಿ ಬಿಟ್ಟರು. “ನಾನೂ ಏಳುತ್ತೇನೆ, ಕಲಿಸಿಕೊಡು” ಎಂದರು. ಅದು ಒಳ್ಳೆಯ ಮಾತೇ. ಆದರೆ ಆಪರೇಷನ್ ಬೇಡವೆಂಬುದಕ್ಕೆ ಸುಮತಿಯವರ ಕೈನೋವು ಒಂದೇ ಕಾರಣವಾಗಿರಲಿಲ್ಲ. ಉಳಿದಿರುವ ಸ್ವಲ್ಪ ಆಯಸ್ಸಿನಲ್ಲಿ ಮೊದಲ ವಾರಗಳನ್ನೆಲ್ಲ ಹೆದರಿಕೆ ಮತ್ತು ನೋವಿಗೆ ಕೊಟ್ಟು, ಆಮೇಲೆ ಸಿಗಬಹುದಾದ ತಿಂಗಳುಗಳನ್ನು ನಂಬಿ ಕೂರಲು ಅವರಿಗೆ ಮನಸ್ಸಿರಲಿಲ್ಲ. ಚಿನ್ನಿ ಈಗಲೂ ಫ್ರಿಜ್ಜಿನ ಬಾಗಿಲ ಸದ್ದಿಗೆ ಕೊತ್ತಂಬರಿ ಸೊಪ್ಪಿಗಾಗಿ ಕಿರುಚುತ್ತಾಳೆ, ಆ ಕಿರುಚಾಟ ಇರುವವರೆಗೆ ಇರಲಿ ಎಂದರು.

ಆಪರೇಷನ್ ಬೇಡ, ಸೂಜಿಯಿಂದ ನೀರು ತೆಗೆಸೋಣ ಎಂದು ಇಬ್ಬರೂ ಒಪ್ಪಿದರು. ಇಲ್ಲಿಗೇ ಬಿಟ್ಟಿದ್ದರೆ ನನ್ನ ಕೆಲಸ ಅರ್ಧವಾಗುತ್ತಿತ್ತು, ಏಕೆಂದರೆ ‘ಬೇಡ’ ಎಂಬ ತೀರ್ಮಾನಕ್ಕೂ ಮುಂದಿನ ಹೆಜ್ಜೆಗಳು ಬೇಕು. ಯಾವ ಲಕ್ಷಣ ಕಂಡರೆ ಸಾಕು ಎನ್ನುತ್ತೀರಿ ಎಂದು ಕೇಳಿದೆ. ಬೇಟೆಗೆ ಗುರಿಯಾಗುವ ಜಾತಿಯಾದ್ದರಿಂದ ಗಿನಿಪಿಗ್ ನೋವನ್ನು ಮುಚ್ಚಿಡುತ್ತದೆ. ಕಣ್ಣಿಗೆ ಕಾಣುವ ಹೊತ್ತಿಗೆ ಬಹಳ ತಡವಾಗಿರುತ್ತದೆ. ಹಾಗಾಗಿ ಅಂದಾಜಿನ ಬದಲು ತೂಕ: ಅಡುಗೆಮನೆಯ ತಕ್ಕಡಿಯಲ್ಲಿ ಭಾನುವಾರ ಮತ್ತು ಗುರುವಾರ, ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದು. ವೈದ್ಯರನ್ನು ಕೇಳಿ 700 ಗ್ರಾಂ ಎಂಬ ಗೆರೆ ಎಳೆದುಕೊಂಡರು. ಅರ್ಧ ದಿನ ಹುಲ್ಲು ಮುಟ್ಟದಿದ್ದರೆ ಕಾಯದೆ ಫೋನ್. ಬೆನ್ನು ಗೂನಾಗಿಸಿ ಮೂಲೆ ಸೇರಿದರೆ, ಹಲ್ಲು ಕಡಿದರೆ, ಫ್ರಿಜ್ಜಿನ ಸದ್ದಿಗೆ ತಲೆ ಎತ್ತದಿದ್ದರೆ, ವೈದ್ಯರು ಸರಿ ಎಂದರೆ, ನೋವಿಲ್ಲದ ಚುಚ್ಚುಮದ್ದಿನಿಂದ ಕಳುಹಿಸಿಕೊಡುವುದು. ಈ ಕೊನೆಯ ಸಾಲನ್ನು ಸುಮತಿಯವರೇ ಬರೆದರು. ಆಹಾರದಲ್ಲಿ ಬದಲಾಯಿಸಲು ಹೆಚ್ಚೇನೂ ಇರಲಿಲ್ಲ. ಮನುಷ್ಯರಂತೆ ಗಿನಿಪಿಗ್‌ಗಳಿಗೂ ವಿಟಮಿನ್ ಸಿ ದೇಹದಲ್ಲಿ ತಯಾರಾಗುವುದಿಲ್ಲ. ದೊಣ್ಣೆ ಮೆಣಸಿನ ತುಂಡು ಅವರ ಮನೆಯಲ್ಲಿ ಮೊದಲಿನಿಂದಲೂ ತಪ್ಪಿರಲಿಲ್ಲ. ಮಳೆಗಾಲದಲ್ಲಿ ಒಣಹುಲ್ಲಿಗೆ ಬೂಷ್ಟು ಹಿಡಿಯದಂತೆ ಅಟ್ಟದಲ್ಲಿ ಬಿಗಿ ಡಬ್ಬಿಯಲ್ಲಿಡಿ ಎಂದು ವೈದ್ಯರು ಹೇಳಿದ್ದರು. 4000 ಮಿಲಿಮೀಟರ್ ಮಳೆ ಸುರಿಯುವ ಜಿಲ್ಲೆಯಲ್ಲಿ ಅದೂ ಒಂದು ಕೆಲಸವೇ.

ಇನ್ನು ದೋಹಾ. ಕತಾರ್ ನಮಗಿಂತ ಎರಡೂವರೆ ಗಂಟೆ ಹಿಂದೆ. ಮಗ ಕೆಲಸ ಮುಗಿಸಿ ಕರೆ ಮಾಡುವಾಗ ಇಲ್ಲಿ ಅಜ್ಜ ಅಜ್ಜಿ ಮಲಗುವ ಹೊತ್ತು. ದಣಿದ ಮೂವರು ದೊಡ್ಡವರು ಮತ್ತು ಅಳುವ ಒಂದು ಮಗು ಸೇರಿ ಯಾವ ತೀರ್ಮಾನವೂ ನೆಟ್ಟಗಾಗುವುದಿಲ್ಲ. ಶುಕ್ರವಾರ ಅಲ್ಲಿ ರಜೆ. ಅಂದು ಬೆಳಿಗ್ಗೆ ನನ್ನ ಕೋಣೆಯಿಂದಲೇ ಕರೆ ಮಾಡಿದೆವು.

ಮಗ ಮೊದಲು ಹಟ ಹಿಡಿದ. ಹಣ ಎಷ್ಟಾದರೂ ಕಳುಹಿಸುತ್ತೇನೆ ಎಂದು ಮತ್ತೆ ಮತ್ತೆ ಹೇಳಿದ. “ಅಮ್ಮನ ಬೆರಳುಗಳನ್ನು ಈಚೆಗೆ ನೋಡಿದ್ದೀರಾ?” ಎಂದು ಕೇಳಿ, ಸುಮತಿಯವರಿಗೆ ಕೈಯನ್ನು ಫೋನಿನೆದುರು ಹಿಡಿಯಲು ಹೇಳಿದೆ. ಆಮೇಲೆ ಅವನು ವಾದಿಸಲಿಲ್ಲ.

ಅನಘಾಳ ಕಥೆ ಬೇರೆ. ಅವಳ ಸಿಟ್ಟಿಗೆ ಚಿನ್ನಿಗಿಂತ ಹಳೆಯ ಕಾರಣವಿತ್ತು. ಹಿಂದಿನ ಮಳೆಗಾಲದಲ್ಲಿ ಇನ್ನೊಂದು ಗಿನಿಪಿಗ್ ಸತ್ತಾಗ, ಅವಳಿಗೆ ಪರೀಕ್ಷೆ ಇದೆಯೆಂದು ಮನೆಯವರು ಸುದ್ದಿಯನ್ನು ವಾರಗಟ್ಟಲೆ ಮುಚ್ಚಿಟ್ಟಿದ್ದರು. ‘ಮಲಗಿದೆ’, ‘ಗೂಡಿನೊಳಗಿದೆ’ ಎನ್ನುತ್ತಾ ಒಂದನ್ನೇ ತೋರಿಸುತ್ತಿದ್ದರು. ಗೊತ್ತಾದಂದಿನಿಂದ ಅವಳು ಅಜ್ಜಿಯ ಯಾವ ಮಾತನ್ನೂ ನಂಬುವುದಿಲ್ಲ. ಆಪರೇಷನ್ ಎಂದರೆ ಆಸ್ಪತ್ರೆ, ಬಿಲ್ಲು, ವೈದ್ಯರ ಚೀಟಿ, ಅಂದರೆ ಸಾಕ್ಷಿ. ಮಗುವಿಗೆ ಬೇಕಾಗಿದ್ದದ್ದು ಅದು. ಅವಳು ನೇರವಾಗಿ ಕೇಳಿದಳು: “ಆಪರೇಷನ್ ಮಾಡಿಸದಿದ್ದರೆ ನಾವೇ ಕೊಂದ ಹಾಗೆ ಆಗುವುದಿಲ್ಲವೇ, ಆಂಟಿ?”

ರೋಗವನ್ನು ನಾವು ತಂದದ್ದಲ್ಲ, ಅದು ಎಷ್ಟು ಕಾಡಬೇಕು ಎಂಬುದರಲ್ಲಿ ಮಾತ್ರ ನಮ್ಮ ಕೈ ಇದೆ ಎಂದೆ. ಆಪರೇಷನ್ನಿನಲ್ಲಿ ಏನಾಗಬಹುದು, ಮಾಡಿಸದಿದ್ದರೆ ಏನಾಗಬಹುದು ಎರಡನ್ನೂ ಸಿಹಿ ಹಚ್ಚದೆ ಹೇಳಿದೆ. ಹದಿಮೂರರ ಮಕ್ಕಳು ಸಾವಿನ ಮಾತನ್ನು ತಡೆದುಕೊಳ್ಳುತ್ತಾರೆ. ತಮ್ಮನ್ನು ಹೊರಗಿಟ್ಟು ಪಿಸುಗುಟ್ಟುವುದನ್ನು ತಡೆದುಕೊಳ್ಳುವುದಿಲ್ಲ. ಸುಮತಿಯವರು ಮೊಮ್ಮಗಳ ಕ್ಷಮೆ ಕೇಳಿದರು, ಏನೇ ಆದರೂ ಆಗುವ ಮೊದಲೇ ಹೇಳುತ್ತೇನೆ ಎಂದು ಮಾತು ಕೊಟ್ಟರು. ತೂಕದ ಲೆಕ್ಕವನ್ನು ಅನಘಾಳಿಗೆ ಒಪ್ಪಿಸಿದೆವು: ತಕ್ಕಡಿಯ ಫೋಟೊ ಹೋಗಬೇಕು, ಅವಳು ನಕ್ಷೆ ಬರೆಯಬೇಕು. ರಾಯರು ಒಮ್ಮೆ ಗುರುವಾರ ಮರೆತದ್ದಕ್ಕೆ ಮೊಮ್ಮಗಳಿಂದ ಬೈಸಿಕೊಂಡರಂತೆ, ಬಹಳ ಖುಷಿಯಿಂದ ಹೇಳಿದರು.

ಮೊದಲ ಸಲ ನೀರು ತೆಗೆದಾಗ ಚಿನ್ನಿ ಚುರುಕಾಯಿತು, ಕೆಲವು ವಾರ ಚೆನ್ನಾಗಿ ಮೇಯಿತು. ಎರಡನೆಯ ಸಲದ ನೆಮ್ಮದಿ ಅಷ್ಟು ದಿನ ಬಾಳಲಿಲ್ಲ. ಜುಲೈ-ಆಗಸ್ಟಿನ ಆಟಿ ತಿಂಗಳ ಮಳೆ ಮುಗಿಯುತ್ತಿದ್ದಂತೆ ನಕ್ಷೆಯ ಗೆರೆ ಇಳಿಯತೊಡಗಿತು. ಅದನ್ನು ಮೊದಲು ಗಮನಿಸಿದವಳು ಅನಘಾ, “ಅಜ್ಜಿ, ಇದು ನಿಲ್ಲುವ ಹಾಗೆ ಕಾಣುವುದಿಲ್ಲ” ಎಂದವಳೂ ಅವಳೇ. 700ಕ್ಕಿಂತ ಕೆಳಗಿಳಿದು, ಹುಲ್ಲು ಬಿಟ್ಟ ದಿನ, ಎಲ್ಲರೂ ವಿಡಿಯೊದಲ್ಲಿ ನೋಡಿದ ಮೇಲೆ ರಾಯರು ಮಂಗಳೂರಿಗೆ ಕರೆದೊಯ್ದರು. ಸುಮತಿಯವರೂ ಹೋದರು. ಪಕ್ಕದ ಮನೆಯವರಿಗೆ ಈ ಸಲ ಕಣ್ಣಿನ ಪರೀಕ್ಷೆಯ ನೆಪ ಹೇಳಲಿಲ್ಲ.

ಆಪರೇಷನ್ ಮಾಡಿಸಿದ್ದರೆ ಇನ್ನೊಂದು ವರ್ಷ ಬದುಕುತ್ತಿತ್ತೇ ಎಂದು ರಾಯರು ಆಮೇಲೆ ಕೇಳಿದರು. ಬದುಕಿರಬಹುದು. ಎಳೆಯ ಪ್ರಾಣಿ, ಗಟ್ಟಿ ತೂಕ, ರಾತ್ರಿ ನೋಡಿಕೊಳ್ಳುವ ಆಸ್ಪತ್ರೆ, ಸಿರಿಂಜು ಹಿಡಿಯಬಲ್ಲ ಕೈಗಳು ಇದ್ದ ಮನೆಗೆ ನಾನು ಬೇರೆಯೇ ದಾರಿಯ ಕಡೆ ಒತ್ತು ಕೊಡುತ್ತಿದ್ದೆ. ಸುಮತಿಯವರಿಗೆ ಆ ಪ್ರಶ್ನೆ ಇರಲಿಲ್ಲ. ಅವರು ಕೇಳಿದ್ದು ಬೇರೆ: ತಮಗೆ ಮಾತು ನಿಂತುಹೋದರೆ ಟ್ಯೂಬು ಬೇಡವೆಂದು ಈಗಲೇ ಬರೆದಿಡಬಹುದೇ?

ಬರೆದಿಡಬಹುದು. ಗುಣವಾಗುವ ಆಸೆಯಿಲ್ಲದ ಸ್ಥಿತಿಯಲ್ಲಿ ಜೀವ ಹಿಡಿದಿಡುವ ಚಿಕಿತ್ಸೆ ಬೇಡವೆಂಬ ಮುಂಗಡ ನಿರ್ದೇಶನಕ್ಕೆ ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯತೆ ಕೊಟ್ಟಿತು, 2023ರಲ್ಲಿ ಕ್ರಮವನ್ನು ಸರಳಗೊಳಿಸಿತು: ಇಬ್ಬರು ಸಾಕ್ಷಿಗಳು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಎದುರು ಸಹಿ. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ ಅದನ್ನು ಜಾರಿಗೊಳಿಸುವ ಆದೇಶವನ್ನೂ ಹೊರಡಿಸಿದೆ. ತಮ್ಮ ಪರವಾಗಿ ಮಾತಾಡುವವರ ಹೆಸರನ್ನೂ ಅದರಲ್ಲಿ ಬರೆಯಬೇಕಾಗುತ್ತದೆ ಎಂದಾಗ ಇಬ್ಬರೂ ಮುಖ ಮುಖ ನೋಡಿಕೊಂಡರು. ಮಗ ಡಿಸೆಂಬರಿನಲ್ಲಿ ರಜೆಗೆ ಬರುತ್ತಾನೆ, ಅವನೆದುರೇ ಕುಳಿತು ಬರೆಯಿರಿ, ಫೋನಿನಲ್ಲಿ ಬೇಡ ಎಂದೆ. ನೋಟರಿಯ ಶುಲ್ಕ ಎಷ್ಟಾಗಬಹುದು ಎಂದು ರಾಯರು ಹಾಳೆ ತೆಗೆದರು.